ಪೆಂಡಾಲಿನಲ್ಲಿ ಕಾವ್ಯ: ಒಂದು ಗಣಪತಿ ಉತ್ಸವದ ಸಂಜೆಯ ಪ್ರಕರಣ ಅಧ್ಯಯನ

ಶಿವಮೊಗ್ಗದ ಹಳೆಯ ಬಡಾವಣೆಯೊಂದರ ಗಣಪತಿ ಸಮಿತಿಯವರು ಐದು ದಿನಗಳ ಉತ್ಸವದಲ್ಲಿ ಮೂರನೆಯ ದಿನದ ಸಂಜೆಯನ್ನು ನಮ್ಮ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಪೂರ್ತಿ ಸಂಜೆಯನ್ನಲ್ಲ, 7 ಗಂಟೆಯ ಮಹಾಮಂಗಳಾರತಿಗೂ ರಸಮಂಜರಿಗೂ ನಡುವಿನ 45 ನಿಮಿಷಗಳನ್ನು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವಂಥ ಕಾವ್ಯದ ಕಾರ್ಯಕ್ರಮ ಬೇಕು ಎಂದಿದ್ದರು. ಹೀಗೆ ಕೇಳುವವರು ಕಡಿಮೆ. ಕವಿಗೋಷ್ಠಿ ಬೇಕು ಎನ್ನುವವರಿದ್ದಾರೆ, ಮಕ್ಕಳ ಕಾರ್ಯಕ್ರಮ ಬೇಕು ಎನ್ನುವವರಿದ್ದಾರೆ, ಹಳೆಯ ಕಾವ್ಯವನ್ನು ರಾಗದಲ್ಲಿ ವಾಚಿಸಿ ಅರ್ಥ ಬಿಡಿಸುವ ಗಮಕ ಏರ್ಪಡಿಸಿ ಎನ್ನುವ ಹಿರಿಯರೂ ಇದ್ದಾರೆ. ಮೂರೂ ಬಗೆಯ ಕೇಳುಗರನ್ನು ಒಂದೇ ಜಮಖಾನದ ಮೇಲೆ ಕೂರಿಸುವುದು ಬೇರೆಯೇ ಕೆಲಸ. ನಾವು ಏನು ಯೋಚಿಸಿಕೊಂಡು ಹೋದೆವು, ಅಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಇಂಥ ಕೆಲಸಕ್ಕೆ ಕೈಹಾಕುವವರ ಉಪಯೋಗಕ್ಕಾಗಿ ಬರೆದಿಡುತ್ತಿದ್ದೇನೆ.

ಹಿಂದಿನ ವರ್ಷದ ಗೋಷ್ಠಿ

ಅದೇ ವೇದಿಕೆಯಲ್ಲಿ ಹಿಂದಿನ ವರ್ಷ ಕವಿಗೋಷ್ಠಿ ನಡೆದಿತ್ತು. ಅಂದು ನಾನು ಬರೀ ಪ್ರೇಕ್ಷಕ. ಕವಿಗಳು ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರೇ ಎದ್ದು, ವೇದಿಕೆಯ ಮೇಲಿದ್ದವರ ಹೆಸರನ್ನೆಲ್ಲ ಒಮ್ಮೆ ಹೇಳಿ, ಮಡಿಸಿದ ಕಾಗದ ಬಿಚ್ಚಿ ಓದಿದರು. ಕೆಲವು ಪದ್ಯಗಳು ನಿಜಕ್ಕೂ ಚೆನ್ನಾಗಿದ್ದವು. ಆದರೂ ನಾಲ್ಕನೆಯ ಕವಿ ಏಳುವ ಹೊತ್ತಿಗೆ ಎದುರಿಗೆ ಉಳಿದಿದ್ದವರು ಎಂದರೆ ಇನ್ನೂ ಓದಬೇಕಾಗಿದ್ದ ಕವಿಗಳ ಮನೆಯವರು ಮತ್ತು ದೊನ್ನೆಯಲ್ಲಿ ಪುಳಿಯೋಗರೆ ಇನ್ನೂ ಮುಗಿಯದ ಒಂದಷ್ಟು ಮಕ್ಕಳು.

ಜನರಿಗೆ ಕಾವ್ಯ ಬೇಡ ಎಂದು ಸಮಿತಿ ತೀರ್ಮಾನಿಸಿತು. ನನಗೆ ಕಂಡದ್ದು ಬೇರೆ. ಕವಿಗಳು ಅಂದು ಓದುತ್ತಿದ್ದುದು ಪರಸ್ಪರರಿಗಾಗಿ. ಒಬ್ಬ ಕವಿ ಓದುವಾಗ ಪಕ್ಕದ ಕವಿ ತಲೆದೂಗುತ್ತಿದ್ದ, ಓದಿದವನು ಆ ತಲೆಯ ಕಡೆಗೇ ನೋಡುತ್ತಿದ್ದ. ಸಭಾಂಗಣದ ಗೋಷ್ಠಿಗೆ ಇದು ಸಲ್ಲುತ್ತದೆ. ಅಲ್ಲಿಗೆ ಬರುವವರು ಕಾವ್ಯಕ್ಕೆಂದೇ ಬಂದಿರುತ್ತಾರೆ. ಪೆಂಡಾಲಿಗೆ ಬರುವವರು ಗಣಪತಿಗೆ ಕೈಮುಗಿಯಲು ಬಂದವರು, ದೀಪದ ಅಲಂಕಾರ ನೋಡಲು ಬಂದವರು, ಪಕ್ಕದ ಬೀದಿಯ ನಾದಿನಿಯನ್ನು ಮಾತಾಡಿಸಲು ಬಂದವರು. ಅವರು ಕಾವ್ಯವನ್ನು ತಿರಸ್ಕರಿಸಿ ಎದ್ದು ಹೋಗಲಿಲ್ಲ. ತಮ್ಮನ್ನು ಯಾರೂ ಕರೆಯಲಿಲ್ಲ ಎಂದು ಎದ್ದು ಹೋದರು.

ಪೆಂಡಾಲಿನೊಳಗೆ ಯಾರು ಎಲ್ಲಿ

ಕಾರ್ಯಕ್ರಮ ರೂಪಿಸುವ ಮೊದಲು, ಉತ್ಸವದ ಮೊದಲ ದಿನವೇ ಪೆಂಡಾಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಹಾಡುವುದು ಏನು ಎಂಬುದಕ್ಕಿಂತ ಯಾರು ಎಲ್ಲಿ ಕೂರುತ್ತಾರೆ ಎಂಬುದು ಮೊದಲು ತಿಳಿಯಬೇಕು.

ವೇದಿಕೆಗೆ ಅಂಟಿಕೊಂಡು ಜಮಖಾನದ ಮೇಲೆ ಮಕ್ಕಳು. ಅವರು ಕುಳಿತಿರುತ್ತಾರೆ ಎನ್ನುವುದು ಉಪಚಾರದ ಮಾತು. ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಜ್ಜಿಯರು, ಒಂದಿಬ್ಬರು ಅಜ್ಜಂದಿರು, ಮಡಿಲಲ್ಲಿ ತೀರಾ ಚಿಕ್ಕ ಮಕ್ಕಳು. ಅದರ ಹಿಂದೆ ಮಕ್ಕಳ ತಾಯಂದಿರು, ಅರ್ಧ ಗಮನ ವೇದಿಕೆಯ ಕಡೆ, ಅರ್ಧ ತಮ್ಮ ಮಗು ಎಲ್ಲಿ ಓಡಿತು ಎಂಬುದರ ಕಡೆ. ಶಾಮಿಯಾನದ ಅಂಚಿನಲ್ಲಿ ಬೈಕಿಗೆ ಒರಗಿ ನಿಂತ ಗಂಡಸರು. ಬದಿಯಲ್ಲಿ, ಬೆಳಕು ಸರಿಯಾಗಿ ಬೀಳದ ಕಡೆ, ಹೈಸ್ಕೂಲು ಕಾಲೇಜಿನ ಹುಡುಗರು ಮೊಬೈಲ್ ಹಿಡಿದು. ರಸ್ತೆಯ ಅರ್ಧಕ್ಕೆ ಪೆಂಡಾಲು ಬಂದಿರುವುದರಿಂದ ಉಳಿದರ್ಧದಲ್ಲಿ ಆಗಾಗ ಆಟೋ.

ಮಕ್ಕಳನ್ನು ಹಿಡಿದಿಟ್ಟರೆ ಎಲ್ಲರೂ ನಿಲ್ಲುತ್ತಾರೆ ಎಂಬುದು ಸಮಿತಿಯ ಕಾರ್ಯದರ್ಶಿಗಳ ಲೆಕ್ಕ. ಯಾರಾದರೂ ಒಬ್ಬರು ಕರಡಿಯ ವೇಷ ಹಾಕಿಕೊಂಡು ಬನ್ನಿ ಎಂದೂ ಸೂಚಿಸಿದರು. ಈ ಲೆಕ್ಕವನ್ನು ಬಹಳ ಜನ ನಂಬುತ್ತಾರೆ, ಮತ್ತು ಕರಡಿ ಬಂದ ಮೊದಲ ಐದು ನಿಮಿಷ ಅದು ನಿಜವೂ ಹೌದು. ನಾನು ಹಿಂದೆ ನಿಂತು ನೋಡಿದ್ದು ಏನೆಂದರೆ, ಮಗು ವೇದಿಕೆಯನ್ನು ತುಸು ಹೊತ್ತು ನೋಡಿ ತಿರುಗಿ ತನ್ನವರ ಮುಖ ನೋಡುತ್ತದೆ. ತನ್ನವರು ಕೇಳುತ್ತಿದ್ದರೆ ಮತ್ತೆ ವೇದಿಕೆಯತ್ತ ತಿರುಗುತ್ತದೆ. ಅವರು ಹರಟುತ್ತಿದ್ದರೆ ಎದ್ದು ಓಡುತ್ತದೆ. ಆದ್ದರಿಂದ ನಾವು ಗೆಲ್ಲಬೇಕಾದದ್ದು ಜಮಖಾನವನ್ನಲ್ಲ, ಪ್ಲಾಸ್ಟಿಕ್ ಕುರ್ಚಿಗಳನ್ನು. ಅಜ್ಜಿಯ ಬಾಯಿ ಹಾಡಿಗೆ ತೆರೆದರೆ ಮೊಮ್ಮಗಳ ಕಿವಿ ತೆರೆಯುತ್ತದೆ. ಕಾರ್ಯಕ್ರಮದ ಎಲ್ಲ ಆಯ್ಕೆಗಳೂ ಇದೊಂದರ ಮೇಲೆ ನಿಂತವು.

ಕರಡಿಯನ್ನು ಬೇಡವೆಂದಾಗ ಕಾರ್ಯದರ್ಶಿಗಳು, "ನಿಮ್ಮ ಇಷ್ಟ ಮೇಷ್ಟ್ರೇ, ಜನ ಎದ್ದು ಹೋದರೆ ನನ್ನನ್ನು ಅನ್ನಬೇಡಿ" ಎಂದರು.

ತಂಡ ಮತ್ತು ಆಯ್ಕೆ

ನಾವು ನಾಲ್ವರು. ಗಮಕ ವಾಚನಕ್ಕೆ ಹಿರಿಯ ಗಮಕಿಯೊಬ್ಬರು. ಶಿವಮೊಗ್ಗದವರಿಗೆ ಗಮಕವನ್ನು ಪರಿಚಯಿಸಬೇಕಾಗಿಲ್ಲ. ಊರಿಗೆ ಹತ್ತಿರದಲ್ಲೇ, ತುಂಗೆಯ ದಡದಲ್ಲಿ, ಮತ್ತೂರಿನ ಜೊತೆಯ ಊರಾದ ಹೊಸಹಳ್ಳಿ ಇದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಎರಡನೆಯವಳು ಪದವಿ ಓದುತ್ತಿರುವ ಹುಡುಗಿ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಪಳಗಿದವಳು. ಮೂರನೆಯವರು ಬ್ಯಾಂಕಿನಿಂದ ನಿವೃತ್ತರಾದ ಚುಟುಕು ಕವಿ. ವ್ಯಾಖ್ಯಾನ ನನ್ನ ಪಾಲಿಗೆ.

ಆರಿಸಿಕೊಂಡದ್ದು ಮೂರು. ಮೊದಲಿಗೆ ಐದಾರು ಚುಟುಕು, ಜನ ಕುಳಿತುಕೊಳ್ಳುವ ತನಕ. ಆಮೇಲೆ ಗೋವಿನ ಹಾಡು. ಕೊನೆಗೆ ಕುಮಾರವ್ಯಾಸನ ವಿರಾಟಪರ್ವದಿಂದ ಉತ್ತರ ಕುಮಾರನ ಪ್ರಸಂಗ.

ಗೋವಿನ ಹಾಡನ್ನು ಆರಿಸಿದ ಕಾರಣ ಸರಳ. ಅದು ಹಲವು ತಲೆಮಾರುಗಳು ಶಾಲೆಯ ಪಠ್ಯದಲ್ಲಿ ಓದಿದ, ಅದಕ್ಕೂ ಹಿಂದೆ ಮನೆಗಳಲ್ಲಿ ಹಾಡುತ್ತಿದ್ದ ಜನಪದ ಕಾವ್ಯ. ಕುರ್ಚಿಯ ಮೇಲೆ ಕುಳಿತವರಲ್ಲಿ ಅರ್ಧಕ್ಕರ್ಧ ಜನರಿಗೆ ತುಂಡು ತುಂಡಾಗಿಯಾದರೂ ಬಾಯಿಗೆ ಬರುತ್ತದೆ. ಪೂರ್ತಿ ಹಾಡಲು ಕುಳಿತರೆ ನಮ್ಮ ಅವಧಿಯ ಬಹುಪಾಲು ಅದಕ್ಕೇ ಹೋಗುತ್ತದೆ. ಆದ್ದರಿಂದ ಕಾಳಿಂಗ ಗೊಲ್ಲನ ದೊಡ್ಡಿಯ ವರ್ಣನೆಯಲ್ಲಿ ನಾಲ್ಕು ನುಡಿ ಇಟ್ಟುಕೊಂಡು, ಹುಲಿ ಅಡ್ಡಗಟ್ಟುವಲ್ಲಿಗೆ ಬೇಗ ಬಂದು, ಪುಣ್ಯಕೋಟಿ ಕರುವಿನ ಬಳಿಗೆ ಮರಳುವ ಭಾಗವನ್ನು ಮಾತ್ರ ಒಂದಕ್ಷರವೂ ಬಿಡದೆ ಹಾಡುವುದೆಂದು ನಿಶ್ಚಯಿಸಿದೆವು.

ಉತ್ತರನ ಪ್ರಸಂಗ ಕುಟುಂಬ ಸಭೆಗೆ ಹೇಳಿ ಮಾಡಿಸಿದ್ದು. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಗೊತ್ತಿಲ್ಲದ ಕನ್ನಡದ ಮನೆ ಇರಲಾರದು, ಕಾವ್ಯದ ಹೆಸರು ಕೇಳದಿದ್ದವರಿಗೂ ಅದು ಗೊತ್ತು. ಅಂತಃಪುರದ ಹೆಂಗಸರ ನಡುವೆ ಮೀಸೆ ತಿರುವಿ ಕೌರವರನ್ನು ಹೊಸಕಿ ಹಾಕುತ್ತೇನೆ ಎನ್ನುವ ರಾಜಕುಮಾರ, ಸಾರಥಿಯಿಲ್ಲ ಎಂಬ ನೆಪ, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಸಾರಥಿಯಾಗಿ ಸಿಕ್ಕಾಗ ಹೋದ ನೆಪ, ಸಮುದ್ರದಂತೆ ಹರಡಿದ ಸೇನೆ ಕಂಡಾಗ ರಥದಿಂದ ಧುಮುಕಿ ಓಟ, ಹಿಂದೆಯೇ ಓಡಿ ಹಿಡಿದು ತರುವ ಅರ್ಜುನ. ಆರು ವರ್ಷದ ಮಗುವಿಗೆ ಓಟ ಅರ್ಥವಾಗುತ್ತದೆ. ಬೈಕಿಗೆ ಒರಗಿ ನಿಂತ ಗಂಡಸಿಗೆ ನೆಪ ಅರ್ಥವಾಗುತ್ತದೆ. ಗಮಕದ ರಚನೆಯೂ ಇಂಥ ಸಭೆಗೆ ಒದಗುತ್ತದೆ: ಒಬ್ಬರು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ, ಇನ್ನೊಬ್ಬರು ಅದನ್ನು ಇಂದಿನ ಕನ್ನಡದಲ್ಲಿ ಬಿಡಿಸುತ್ತಾರೆ. ಹದಿನೈದನೆಯ ಶತಮಾನದ ಕನ್ನಡ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಹೇಗೆ ತಲುಪುತ್ತದೆ ಎಂದು ಕೇಳಿದ ಸಮಿತಿಯವರಿಗೆ ನಾನು ಕೊಟ್ಟ ಉತ್ತರ ಇದೇ. ತಲುಪಿಸುವ ಏರ್ಪಾಡು ಹೊಸದಾಗಿ ಹುಡುಕಬೇಕಾಗಿಲ್ಲ, ಕಲೆಯೊಳಗೇ ಇದೆ. ವ್ಯಾಖ್ಯಾನಕಾರ ಅರ್ಧ ಗಂಟೆ ವೇದಾಂತಕ್ಕೆ ಹೊರಳದಿದ್ದರೆ ಸಾಕು.

ಎರಡು ಕಾವ್ಯಗಳನ್ನು ಜೋಡಿಸುವ ಕೊಂಡಿ ತಾನಾಗಿ ಸಿಕ್ಕಿತು. ಉತ್ತರ ಯುದ್ಧಕ್ಕೆ ಹೊರಡುವುದೂ ಹಸುಗಳಿಗಾಗಿಯೇ. ಕೌರವರು ಹಿಡಿದುಕೊಂಡು ಹೋದ ವಿರಾಟನ ಗೋವುಗಳನ್ನು ಬಿಡಿಸಬೇಕು.

ಚುಟುಕುಗಳ ಬಗ್ಗೆ ಒಂದು ಮಾತು. ನಮ್ಮ ಹಾಸ್ಯ ಕವಿಗೋಷ್ಠಿಗಳಲ್ಲಿ ಹೆಂಡತಿಯ ಮೇಲಿನ ಚುಟುಕುಗಳಿಗೆ ಬರಗಾಲವೇ ಇಲ್ಲ. ಹೆಂಡತಿಯ ಅಡುಗೆ, ಹೆಂಡತಿಯ ತೂಕ, ಹೆಂಡತಿಯ ತವರು. ಗಂಡಸರು ನಗುತ್ತಾರೆ, ಹೆಂಗಸರೂ ಮರ್ಯಾದೆಗೆ ನಗುತ್ತಾರೆ. ಹತ್ತು ವರ್ಷದ ಹುಡುಗ ಅಮ್ಮನ ಪಕ್ಕ ಕುಳಿತು ಆ ನಗುವನ್ನು ಕೇಳುತ್ತಾನೆ. ನಮ್ಮ ಚುಟುಕು ಕವಿಯ ಹತ್ತಿರವೂ ಅಂಥವು ಒಂದು ಡಜನ್ ಇದ್ದವು, ಚಪ್ಪಾಳೆ ಖಾತ್ರಿಯಾದವು. ಅವನ್ನೆಲ್ಲ ಮನೆಯಲ್ಲೇ ಬಿಟ್ಟು ಬರಬೇಕೆಂದು ಕೇಳಿಕೊಂಡೆ. ಸ್ವಲ್ಪ ಮುನಿಸಿಕೊಂಡರು. ಎರಡು ದಿನ ಬಿಟ್ಟು ಗಣಪತಿ ಪೆಂಡಾಲಿನ ಮೇಲೆಯೇ ಹೊಸದಾಗಿ ಬರೆದು ತಂದರು.

ತಾಳದ ತಕರಾರು

ಅಭ್ಯಾಸದಲ್ಲಿ ಗಟ್ಟಿಯಾದ ಭಿನ್ನಾಭಿಪ್ರಾಯ ಬಂದದ್ದು ಚಪ್ಪಾಳೆಯ ವಿಷಯದಲ್ಲಿ. ಕುಮಾರವ್ಯಾಸ ಬರೆದದ್ದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಅದರ ನಡಿಗೆ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳದ್ದು (ಮಾತ್ರೆ ಎಂದರೆ ಒಂದು ಲಘು ಅಕ್ಷರ ಹೇಳುವಷ್ಟು ಹೊತ್ತು, ಗುರುವಿಗೆ ಎರಡು). ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ 3-4-3-4, ಒಟ್ಟು 14 ಮಾತ್ರೆ; ಮೂರು ಮತ್ತು ಆರನೆಯ ಪಾದಗಳಲ್ಲಿ ಮೂರು ಜೊತೆ ಗಣಗಳು ಮತ್ತು ಕೊನೆಗೊಂದು ಗುರು, ಒಟ್ಟು 23. ಗೋವಿನ ಹಾಡಿನ 'ಧರಣಿ ಮಂಡಲ ಮಧ್ಯದೊಳಗೆ' ಎಂಬ ಮೊದಲ ಸಾಲು ಕೂಡ, ಕೊನೆಯ ಅಕ್ಷರವನ್ನು ಎಳೆದು ಹಾಡಿದರೆ, ಅದೇ 3-4-3-4. ಶಿಬಿರದ ಹುಡುಗಿಗೆ ಇದು ಹಬ್ಬ. ಮಕ್ಕಳಿಗೆ 'ತಕಿಟ ತಕದಿಮಿ' ಎಂದು ಹೇಳಿಕೊಟ್ಟು, ಎರಡೂ ಕಡೆ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಿಸಿ, ಗೋವಿನ ಹಾಡಿನಿಂದ ಕುಮಾರವ್ಯಾಸನ ಭಾರತದವರೆಗೂ ಅದೇ ಚಪ್ಪಾಳೆಯನ್ನು ಎಳೆದುಕೊಂಡು ಹೋಗೋಣ ಎಂದಳು.

ಗಮಕಿ ಒಪ್ಪಲಿಲ್ಲ. ಗಮಕಕ್ಕೆ ರಾಗವಿದೆ, ತಾಳವಿಲ್ಲ. ಅಲ್ಲಿ ಸಾಹಿತ್ಯ ದೊಡ್ಡದು, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಒಂದು ಪದದ ಮೇಲೆ ನಿಲ್ಲಬೇಕೆನಿಸಿದರೆ ನಿಲ್ಲುವ, ಎರಡು ಸಲ ಹೇಳಬೇಕೆನಿಸಿದರೆ ಹೇಳುವ ಸ್ವಾತಂತ್ರ್ಯವೇ ಗಮಕಿಯ ಬಂಡವಾಳ. "ಉತ್ತರ ಹೆದರಿ ನಡುಗುವಾಗ ನಾನು ತಡವರಿಸಬೇಕು, ಮಗಳೇ. ನಿನ್ನ ಮಕ್ಕಳು ಚಪ್ಪಾಳೆ ಹಾಕುತ್ತಿದ್ದರೆ ನಾನು ಹೇಗೆ ತಡವರಿಸಲಿ?" ಎಂದರು. ಹುಡುಗಿಯ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಕೊನೆಗೆ ಆದ ಒಪ್ಪಂದ: ಗೋವಿನ ಹಾಡಿಗೆ ಚಪ್ಪಾಳೆ ಇರಲಿ, ಅದು ಜನರ ಹಾಡು. ಭಾರತದ ವಾಚನದ ಹೊತ್ತಿನಲ್ಲಿ ಮಕ್ಕಳ ಕೈ ಕಟ್ಟಿರಲಿ. ನನ್ನ ವ್ಯಾಖ್ಯಾನದ ನಡುವೆ ಮಾತ್ರ ಅವರು ಕೌರವ ಸೇನೆಯಾಗಿ ಸದ್ದು ಮಾಡಲಿ. ಎಡಗಡೆಯವರು ಕುದುರೆ, ಬಲಗಡೆಯವರು ಶಂಖ. ಎಬ್ಬಿಸಿದ ಸದ್ದನ್ನು ನಿಲ್ಲಿಸುವುದು ಹೇಗೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಕೈ ಎತ್ತಿದರೆ ಹಿಂದಿನವರಿಗೆ ಕಾಣುವುದಿಲ್ಲ, 'ಸುಮ್ಮನಿರಿ' ಎಂದು ಮೈಕಿನಲ್ಲಿ ಹೇಳಿದರೆ ಶಾಲೆಯ ಪ್ರಾರ್ಥನೆ ನೆನಪಾಗುತ್ತದೆ. ಕಂಚಿನ ತಾಳಗಳನ್ನು ಒಮ್ಮೆ ಬಡಿದು, ಅದರ ನಾದ ಅಡಗುವ ತನಕ ಯಾರೂ ಉಸಿರೆತ್ತಬಾರದು ಎಂಬ ಆಟ ಹೂಡಿದೆವು.

ಮೈಕ್ ಸೆಟ್

ಪೆಂಡಾಲಿನ ಕಾವ್ಯವನ್ನು ಕೆಡಿಸುವುದು ಜನರಲ್ಲ, ಎಕೋ. ಮೈಕ್ ಸೆಟ್ಟಿನವರು ಮಿಕ್ಸರಿನಲ್ಲಿ ಎಕೋ ಗುಂಡಿಯನ್ನು ಅರ್ಧಕ್ಕಿಂತ ಮೇಲಕ್ಕೆ ತಿರುಗಿಸಿಟ್ಟುಬಿಡುತ್ತಾರೆ. ಸಿನಿಮಾ ಹಾಡಿಗೆ ಅದು ಹಿತ, ಅಪಸ್ವರವನ್ನೂ ಮುಚ್ಚುತ್ತದೆ. ಕಾವ್ಯಕ್ಕೆ ಅದು ಮಾರಕ. ಮಾತ್ರೆ ಮಾತ್ರೆಗೂ ಒಂದು ಅಕ್ಷರ ಓಡುವಾಗ ಹಿಂದಿನ ಅಕ್ಷರದ ಬಾಲ ಮುಂದಿನದರ ತಲೆಯ ಮೇಲೆ ಬೀಳುತ್ತದೆ. ಅದು ಸಾಲದೆಂಬಂತೆ ನಮ್ಮ ಪೆಂಡಾಲಿನ ಎದುರಿಗೆ ಸುಮಾರು 30 ಮೀಟರ್ ದೂರದಲ್ಲಿ ಕಲ್ಯಾಣ ಮಂಟಪದ ಎತ್ತರದ ಗೋಡೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗೋಡೆಗೆ ತಾಗಿ ಮರಳಿ ವೇದಿಕೆಗೆ ಬರಲು ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ವೇಗವಾಗಿ ವಾಚಿಸುವಾಗ ಒಂದು ಲಘು ಅಕ್ಷರಕ್ಕೆ ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಗೋಡೆ ಸರಿಯಾಗಿ ಒಂದು ಅಕ್ಷರ ಹಿಂದೆ ಬಿದ್ದು ನಮ್ಮ ಜೊತೆ ಓದುತ್ತಿತ್ತು.

ಮಧ್ಯಾಹ್ನವೇ ಹೋಗಿ ಮೈಕ್ ಸೆಟ್ಟಿನ ಹುಡುಗನ ಜೊತೆ ಕುಳಿತೆವು. ಎಕೋ ತೆಗೆ ಎಂದರೆ ಅವನಿಗೆ ಅವಮಾನ. ತೆಗೆದರೆ ಸೆಟ್ಟು ಸರಿಯಿಲ್ಲ ಎಂದು ಜನ ನನ್ನನ್ನೇ ಬೈಯುತ್ತಾರೆ ಎಂದ. ಗಮಕಿ ಮೈಕ್ ಹಿಡಿದು ಒಂದೇ ಪದ್ಯವನ್ನು ಎಕೋ ಇಟ್ಟು ಒಮ್ಮೆ, ತೆಗೆದು ಒಮ್ಮೆ ಹಾಡಿದರು. ರಸ್ತೆಯ ಆಚೆ ಕಡಲೆಕಾಯಿ ಗಾಡಿಯವನನ್ನು ಕೇಳಿದೆವು. ಎರಡನೆಯದರಲ್ಲಿ ಮಾತು ಕೇಳಿಸಿತು, ಮೊದಲನೆಯದರಲ್ಲಿ ಹಾಡು ಕೇಳಿಸಿತು ಎಂದ. ಹುಡುಗ ಎಕೋ ತೆಗೆದ. ಗೋಡೆಯ ಕಡೆಗೆ ಬಾಯಿ ಮಾಡಿದ್ದ ಹಾರ್ನ್ ಒಂದನ್ನು ಕೆಳಕ್ಕೆ ಬಾಗಿಸಿ ಕುರ್ಚಿಗಳ ಕಡೆಗೆ ತಿರುಗಿಸಿದ. ಗಮಕಿಗೆ ಸ್ಟ್ಯಾಂಡಿನ ಮೈಕ್, ನನಗೂ ಹುಡುಗಿಗೂ ಕೈಮೈಕ್. ಮಕ್ಕಳ ಕೈಗೆ ಮಾತ್ರ ಮೈಕ್ ಹೋಗಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಒಂದು ಮಗುವಿಗೆ ಕೊಟ್ಟರೆ ಉಳಿದವು ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಸರದಿಯಾಗುತ್ತವೆ.

ಆ ಸಂಜೆ

ಮಂಗಳಾರತಿ ಹೊತ್ತಿಗೆ ಸರಿಯಾಗಿ ಆಯಿತು. ಆಮೇಲೆ ಸನ್ಮಾನ ಶುರುವಾಯಿತು. ದಾನಿಗಳು, ವಾರ್ಡಿನ ಗಣ್ಯರು, ಅವರ ಜೊತೆ ಬಂದವರು. ಪಟ್ಟಿಯಲ್ಲಿ ಇರದವರ ಹೆಸರನ್ನೂ ನಿರೂಪಕಿಗೆ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ನಮ್ಮ 45 ನಿಮಿಷ ಕಣ್ಣೆದುರೇ ಕರಗುತ್ತಿತ್ತು. ಹಿಂದೆ ರಸಮಂಜರಿಯವರು ಕೀಬೋರ್ಡ್ ಜೋಡಿಸುತ್ತಿದ್ದರು; ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ ಇರುವುದರಿಂದ ಅವರೂ ಒಂದು ನಿಮಿಷ ಬಿಟ್ಟುಕೊಡುವ ಹಾಗಿರಲಿಲ್ಲ.

ಆಗ ಚುಟುಕು ಕವಿ ತಾವಾಗಿಯೇ ಎದ್ದು ನಿರೂಪಕಿಯ ಪಕ್ಕ ನಿಂತರು. ಒಬ್ಬರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು, ಮತ್ತೊಬ್ಬರು ಮೆಟ್ಟಿಲು ಹತ್ತಿ ಬರುವ ನಡುವೆ ಅರ್ಧ ನಿಮಿಷ ಖಾಲಿ ಇರುತ್ತದೆ. ಆ ಖಾಲಿಗೆ ಒಂದೊಂದು ಚುಟುಕು ಹಾಕಿದರು:

ಶಾಲೂ ಹಾರಾ ಹಣ್ಣಿನ ಬುಟ್ಟಿ,
ಗಣ್ಯರ ಮಾತೇ ಎಲ್ಲಕು ಗಟ್ಟಿ.
ಇಲಿಯೂ ಕೇಳಿತು: "ನಮ್ಮದು ಎಂದು?"
ಗಣಪನು ಎಂದ: "ಮುಗಿಯದು ಇಂದು!"

ಮೊದಲು ನಕ್ಕವರು ಶಾಲು ಹೊದ್ದು ನಿಂತಿದ್ದ ಗಣ್ಯರೇ. ಅವರ ನಂತರದವರು ಭಾಷಣವನ್ನು ಎರಡು ವಾಕ್ಯಕ್ಕೆ ಮುಗಿಸಿದರು. ನಮ್ಮ ಯೋಜನೆಯಲ್ಲಿ ಇರದ ಈ ಅರೆಗಳಿಗೆಗಳೇ ಆ ಸಂಜೆ ಗಂಡಸರ ಸಾಲನ್ನು ತಲುಪಿದ ಏಕೈಕ ಕಾವ್ಯ ಎಂದು ನನಗೆ ಅನ್ನಿಸಿದೆ. ವೇದಿಕೆ ನಮ್ಮ ಕೈಗೆ ಬರುವಾಗ ಅರ್ಧ ಗಂಟೆಗೂ ಕಡಿಮೆ ಉಳಿದಿತ್ತು.

ಹುಡುಗಿ ಪೀಠಿಕೆ ಹಾಕಲಿಲ್ಲ. ನಮಸ್ಕಾರ, ಸ್ವಾಗತ, ಮಾನ್ಯರೇ ಏನೂ ಇಲ್ಲದೆ ನೇರವಾಗಿ 'ತಕಿಟ ತಕದಿಮಿ' ಎಂದು ಚಪ್ಪಾಳೆ ಶುರುಮಾಡಿದಳು. ಮಕ್ಕಳಿಗೆ ಎರಡನೆಯ ಸುತ್ತಿಗೇ ಬಂತು. ದೊಡ್ಡವರು ಎಡವಿದರು, ನಾಲ್ಕು ಸಮ ಚಪ್ಪಾಳೆಯ ಭಜನೆಗೆ ಪಳಗಿದ ಕೈಗಳಿಗೆ ಏಳರ ಲೆಕ್ಕ ಬಗ್ಗುವುದಿಲ್ಲ. ಅಪ್ಪ ಅಮ್ಮಂದಿರ ಚಪ್ಪಾಳೆ ತಪ್ಪುವುದನ್ನು ನೋಡಿ ಮಕ್ಕಳಿಗೆ ಆದ ಸಂತೋಷ ಯಾವ ಕರಡಿಯಿಂದಲೂ ಆಗುತ್ತಿರಲಿಲ್ಲ.

ಹಾಡು ಶುರುವಾದ ಸ್ವಲ್ಪದರಲ್ಲೇ ಮಳೆ ಬಂತು. ಭಾದ್ರಪದದ ಶಿವಮೊಗ್ಗದಲ್ಲಿ ಇದು ಸುದ್ದಿಯಲ್ಲ. ತಗಡಿನ ಮೇಲೆ ಸದ್ದು ಹೆಚ್ಚಾದಾಗ ಮೈಕ್ ಸೆಟ್ಟಿನ ಹುಡುಗ ವಾಲ್ಯೂಮ್ ಏರಿಸಿದ, ಹಾರ್ನ್ ಸಿಳ್ಳೆ ಹಾಕಿತು, ಮತ್ತೆ ಇಳಿಸಿದ. ಮಳೆಯಿಂದ ಲಾಭವೂ ಆಯಿತು: ಅಂಚಿನಲ್ಲಿ ನಿಂತವರೆಲ್ಲ ಒಳಕ್ಕೆ ಸರಿದು ಕುರ್ಚಿಗಳಿಗೆ ಒತ್ತಿ ನಿಂತರು.

ಎರಡನೆಯ ಸಾಲಿನ ಕುರ್ಚಿಯಲ್ಲಿ ಒಬ್ಬ ಅಜ್ಜಿ, ಹಸಿರು ಅಂಚಿನ ಸೀರೆ, ಮಡಿಲಲ್ಲಿ ಐದು ವರ್ಷದ ಆಸುಪಾಸಿನ ಹುಡುಗಿ. ಹುಡುಗಿಯ ಕೈಯಲ್ಲಿ ಮೊಬೈಲ್, ಅದರಲ್ಲಿ ಬಣ್ಣದ ಗುಂಡುಗಳನ್ನು ಒಡೆಯುವ ಆಟ. ಪುಣ್ಯಕೋಟಿ ಕರುವಿಗೆ ಕೊನೆಯ ಸಲ ಹಾಲು ಕೊಡಲು ಬಂದು ನಿಂತಿದೆ. ಇನ್ನು ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುವ ನುಡಿ ಬಂತು. ಅಜ್ಜಿಯ ತುಟಿ ಅಲ್ಲಾಡುವುದು ನನಗೆ ವೇದಿಕೆಯಿಂದ ಕಾಣುತ್ತಿತ್ತು. ಮುಂದಿನ ಸಾಲಿಗೆ ದನಿ ಹೊರಟಿತು, ಸ್ವಲ್ಪ ಶ್ರುತಿ ತಪ್ಪಿದ, ಆದರೆ ಒಂದಕ್ಷರವೂ ತಪ್ಪದ ದನಿ. ಪಕ್ಕದ ಕುರ್ಚಿಯವರೂ ಸೇರಿಕೊಂಡರು. ಮೊಮ್ಮಗಳು ಮೊಬೈಲಿನಿಂದ ತಲೆಯೆತ್ತಿ ಅಜ್ಜಿಯ ಬಾಯಿಯನ್ನೇ ನೋಡಿದಳು. ಆಮೇಲೆ ಅಜ್ಜಿಯ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು ಏನೋ ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ, ಹಾಡು ನಿಲ್ಲಿಸಲಿಲ್ಲ. ವೇದಿಕೆಯತ್ತ ಬೆರಳು ತೋರಿಸಿದರು. ಹುಡುಗಿ ತಿರುಗಿ ನೋಡಿದಳು. ಹುಲಿ ಸಾಯುವ ತನಕ ಆ ಮೊಬೈಲ್ ಕುರ್ಚಿಯ ಕೆಳಗೆ ಬಿದ್ದಿತ್ತು.

ಹುಲಿಯ ಸಾವು ನಿಜಕ್ಕೂ ಕಷ್ಟದ ಜಾಗ. ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ನೋಡಿ ಹುಲಿ ಮೇಲಕ್ಕೆ ನೆಗೆದು ಬಿದ್ದು ಪ್ರಾಣ ಬಿಡುತ್ತದೆ. ದೊಡ್ಡವರಿಗೆ ಇದು ಸತ್ಯದ ಜಯ. ಮಕ್ಕಳಿಗೆ, ಒಂದು ಹುಲಿ ಸತ್ತಿತು. ಮುಂದಿನ ಸಾಲಿನ ಹುಡುಗನೊಬ್ಬ ಗಟ್ಟಿಯಾಗಿ, "ಹುಲಿ ತಿನ್ನಲಿಲ್ಲವಲ್ಲ, ಮತ್ತೆ ಯಾಕೆ ಸತ್ತಿತು?" ಎಂದು ಕೇಳಿದ. ಅವನ ಪಕ್ಕದವಳು ಅಳಲು ಶುರುಮಾಡಿದ್ದಳು. ಇದಕ್ಕೆ ವೇದಿಕೆಯಿಂದ ನೀತಿ ಹೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರಶ್ನೆ ಮನೆಗೆ ಹೋಗಲಿ, ಅಲ್ಲಿ ಅಜ್ಜಿ ಇದ್ದಾರೆ. ನಾನು ಮಾಡಿದ್ದು ಕಥೆ ಮುಂದುವರಿಸಿದ್ದು ಮಾತ್ರ: "ಈ ಹಸು ಮನೆಗೆ ಬಂತು. ಆದರೆ ಅಲ್ಲಿ ವಿರಾಟರಾಯನ ಹಸುಗಳನ್ನೆಲ್ಲ ಕೌರವರು ಹೊಡೆದುಕೊಂಡು ಹೋಗುತ್ತಿದ್ದಾರೆ. ಬಿಡಿಸುವವರು ಯಾರು?" ನಾಲ್ಕಾರು ಮಕ್ಕಳು ಕೈಯೆತ್ತಿದರು. "ಕೈಯೆತ್ತಿದವರೆಲ್ಲ ಸುಮ್ಮನಿರಿ, ಉತ್ತರ ಕುಮಾರ ಎದ್ದಿದ್ದಾನೆ" ಎಂದೆ. ಹಿಂದಿನ ಕುರ್ಚಿಗಳಿಂದ ನಗು ಬಂತು. ಅಳುತ್ತಿದ್ದವಳು ಯಾರು ನಕ್ಕರೆಂದು ತಿರುಗಿ ನೋಡಿದಳು.

ಉತ್ತರ ಬಡಾಯಿ ಕೊಚ್ಚುವ ಪದ್ಯಗಳನ್ನು ಗಮಕಿ ಗಂಭೀರವಾಗಿಯೇ ಹಾಡಿದರು, ನಗಿಸುವ ಯಾವ ಯತ್ನವೂ ಇಲ್ಲದೆ. ಅದು ಅವರ ಅನುಭವದ ಜಾಣತನ. ಬಡಾಯಿಯನ್ನು ವೀರರಸದಲ್ಲೇ ಹಾಡಬೇಕು, ನಗು ಕೇಳುವವರ ಪಾಲಿಗಿರಬೇಕು. ನಾನು ಒಂದೊಂದು ಪದ್ಯಕ್ಕೆ ಮೂರು ನಾಲ್ಕು ವಾಕ್ಯ ಮೀರದಂತೆ ಅರ್ಥ ಹೇಳಿದೆ. ರಥ ಊರಾಚೆ ಬಂದು ಸೇನೆ ಕಂಡಾಗ ಎಡಗಡೆ ಕುದುರೆ, ಬಲಗಡೆ ಶಂಖ. ಅಂದುಕೊಂಡದ್ದಕ್ಕಿಂತ ದೊಡ್ಡ ಸೇನೆ. ತಾಳ ಬಡಿದಾಗ ಮೊದಲ ಸಲ ಚೆನ್ನಾಗಿ ನಿಂತಿತು. ಎರಡನೆಯ ಸಲ ಕುದುರೆಗಳು ನಿಂತವು, ಶಂಖದವರಿಗೆ ನಿಲ್ಲಿಸುವ ಮನಸ್ಸಿರಲಿಲ್ಲ. ಆಗ ಗಮಕಿ ಕಾಯದೆ, ಆ ಗದ್ದಲದ ಮೇಲೆಯೇ ಉತ್ತರನ ನಡುಕದ ಪದ್ಯವನ್ನು ತೀರ ಮೆಲ್ಲಗೆ ಎತ್ತಿಕೊಂಡರು. ಪದ ಪದಕ್ಕೂ ನಿಂತು, ಉಸಿರು ಎಳೆದುಕೊಂಡು. ಕೇಳಿಸುತ್ತಿಲ್ಲ ಎಂದು ಮಕ್ಕಳೇ ಒಬ್ಬರನ್ನೊಬ್ಬರು ಗದರಿಸಿ ಸುಮ್ಮನಾದರು. ಚಪ್ಪಾಳೆ ಬೇಡವೆಂದು ಅವರು ಪಟ್ಟು ಹಿಡಿದದ್ದು ಏತಕ್ಕೆಂದು ನಮ್ಮ ಹುಡುಗಿಗೆ ಆಗ ಅರ್ಥವಾಯಿತಂತೆ, ಮರುದಿನ ಹೇಳಿದಳು.

ಉತ್ತರನನ್ನು ಹಿಡಿದು ರಥಕ್ಕೆ ಕೂರಿಸುವಲ್ಲಿಗೆ ನಮ್ಮ ಹೊತ್ತು ಮುಗಿದಿತ್ತು. ಅರ್ಜುನ ಗೆದ್ದ ಕಥೆ ಹಾಡಲಾಗಲಿಲ್ಲ. 'ಹಸುಗಳು ಮನೆಗೆ ಬಂದವು' ಎಂದು ಒಂದು ವಾಕ್ಯದಲ್ಲಿ ಹೇಳಿ ಕೈಮುಗಿದೆವು. ಕೀಬೋರ್ಡು ಆಗಲೇ ಶ್ರುತಿ ಹಿಡಿದಿತ್ತು.

ಆಮೇಲೆ

ಜನ ಎದ್ದು ಹೋಗಲಿಲ್ಲ ಎಂಬುದನ್ನು ಕಾರ್ಯದರ್ಶಿಗಳು ಒಪ್ಪಿದರು. ಅವರ ಪಾಲಿಗೆ ಯಶಸ್ಸಿನ ಅಳತೆ ಅದು. ನನ್ನ ಅಳತೆಯಲ್ಲಿ ಲೆಕ್ಕ ಅಷ್ಟು ಚೊಕ್ಕಟವಲ್ಲ.

ಕುರ್ಚಿಗಳ ಮೂಲಕ ಜಮಖಾನವನ್ನು ತಲುಪಬಹುದು ಎಂಬ ಊಹೆ ಗೋವಿನ ಹಾಡಿನಲ್ಲಿ ಸರಿಹೋಯಿತು. ಕುಮಾರವ್ಯಾಸನಲ್ಲಿ ಅದು ಭಾಗಶಃ ಮಾತ್ರ ನಡೆಯಿತು. ಅಜ್ಜಿಯರಿಗೆ ಕಥೆ ಗೊತ್ತಿತ್ತು, ಗಾದೆ ಗೊತ್ತಿತ್ತು, ಪದ್ಯ ಗೊತ್ತಿರಲಿಲ್ಲ. ಆದ್ದರಿಂದ ಅವರು ನಕ್ಕರು, ದನಿಗೂಡಿಸಲಿಲ್ಲ. ಅಲ್ಲಿ ಮಕ್ಕಳನ್ನು ಹಿಡಿದದ್ದು ಗಮಕಿಯ ದನಿಯೇ. ಮನೆಯಲ್ಲಿ ಕನ್ನಡವಲ್ಲದೆ ತಮಿಳು, ಉರ್ದು, ಕೊಂಕಣಿ ಆಡುವ ಕುಟುಂಬಗಳೂ ಆ ಬೀದಿಯಲ್ಲಿವೆ. ಅವರ ಮಕ್ಕಳಿಗೆ ಗೋವಿನ ಹಾಡಿಗೆ ದನಿಗೂಡಿಸುವ ಅಜ್ಜಿ ಇರಲಿಲ್ಲ. ಅವರು ಬಂದು ಸೇರಿಕೊಂಡದ್ದು ಕುದುರೆ ಮತ್ತು ಶಂಖದ ಹೊತ್ತಿಗೆ. ಈ ಕಾರಣಕ್ಕೆ ಎರಡೂ ಬೇಕು, ಒಂದನ್ನು ಬಿಟ್ಟರೆ ಅರ್ಧ ಬೀದಿ ಹೊರಗುಳಿಯುತ್ತದೆ.

ಮೂರು ವರ್ಷದೊಳಗಿನವರಿಗೆ ನಮ್ಮಲ್ಲಿ ಏನೂ ಇರಲಿಲ್ಲ. ಅವರು ವೇದಿಕೆಯ ಮೆಟ್ಟಿಲು ಹತ್ತಿ ಇಳಿದರು. ಬದಿಯ ಕತ್ತಲಲ್ಲಿದ್ದ ಹುಡುಗರು ಕತ್ತಲಲ್ಲೇ ಉಳಿದರು. ರಸಮಂಜರಿಗಾಗಿ ಕಾಯುವವರನ್ನು ಕಾವ್ಯಕ್ಕೆ ಒಲಿಸಲು ಹೆಣಗುವುದರಲ್ಲಿ ಹುರುಳಿಲ್ಲ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಅವರಿಗೆ ತೊಂದರೆ ಕೊಡದೆ ಮುಗಿಸಿದರೆ ಆಯಿತು.

ಆಕ್ಷೇಪಗಳೂ ಬಂದವು. ಹಿರಿಯರೊಬ್ಬರು ಗಮಕಿಯನ್ನು ತಡೆದು, ಮಕ್ಕಳಿಂದ ಕುದುರೆ ಕೂಗಿಸಿ ಭಾರತವನ್ನು ಕೋಡಂಗಿ ಆಟ ಮಾಡಿದಿರಿ ಎಂದು ಬೇಸರಪಟ್ಟರು. ಗಮಕಿ ಅವರಿಗೆ ಏನೆಂದರೋ ನನಗೆ ಕೇಳಿಸಲಿಲ್ಲ. ಹಿರಿಯರು ಸಮಾಧಾನಗೊಂಡ ಹಾಗೆ ಕಾಣಲಿಲ್ಲ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶುದ್ಧ ಗಮಕಕ್ಕೆ ಬೇರೆ ಸಂಜೆ, ಬೇರೆ ಜಾಗ ಬೇಕು, ಮತ್ತು ಅಂಥ ಸಂಜೆಗಳು ಕಡಿಮೆಯಾಗುತ್ತಿರುವುದೇ ಅವರ ಸಿಟ್ಟಿನ ಮೂಲ. ತಾಯಿಯೊಬ್ಬರು, ಹುಲಿ ಸತ್ತದ್ದಕ್ಕೆ ಮಗಳು ರಾತ್ರಿ ಊಟ ಮಾಡಲಿಲ್ಲ, ಹಬ್ಬದ ದಿನ ಇಂಥದ್ದು ಬೇಕಿತ್ತೇ ಎಂದು ಕೇಳಿದರು. ಹುಲಿಯನ್ನು ಬದುಕಿಸಿ ಹಾಡಿ ಎಂಬ ಸಲಹೆಯೂ ಬಂತು. ಅದಕ್ಕೆ ನಮ್ಮಲ್ಲಿ ಯಾರೂ ಒಪ್ಪಲಿಲ್ಲ. ಮುಂದಿನ ಸಲ ಹುಲಿಯ ಸಾವಿಗೂ ಉತ್ತರನಿಗೂ ನಡುವೆ ತುಸು ಹೆಚ್ಚು ಹೊತ್ತು ಬಿಡುವುದು, ಅಲ್ಲಿ ಚುಟುಕು ಕವಿಯನ್ನು ನಿಲ್ಲಿಸುವುದು ಎಂದು ಮಾತ್ರ ಯೋಚಿಸಿದ್ದೇವೆ.

ಹಣದ ಮಾತು ಎತ್ತಲು ಎಲ್ಲರಿಗೂ ಸಂಕೋಚ. ರಸಮಂಜರಿಗೆ ಹೋದದ್ದರಲ್ಲಿ ಹತ್ತನೆಯ ಒಂದು ಪಾಲೂ ನಮಗೆ ಬರಲಿಲ್ಲ. ಗಮಕಿಗೆ ಆಟೋ ಖರ್ಚು ಕಳೆದು ಕೈಗೆ ಉಳಿದದ್ದು ಫಲತಾಂಬೂಲ ಎಂದರೆ ಹೆಚ್ಚು ತಪ್ಪಲ್ಲ. ಕಾವ್ಯ ಸೇವೆ ಎಂಬ ಮಾತಿನ ಹಿಂದೆ ಈ ಲೆಕ್ಕ ಅಡಗಿ ಕುಳಿತಿರುತ್ತದೆ. ಎರಡನೆಯ ಸಲ ಕರೆ ಬಂದಾಗ ಗೌರವಧನವನ್ನು ಮೊದಲೇ ಮಾತಾಡಿದೆವು. ಸಮಿತಿ ಚೌಕಾಸಿ ಮಾಡಲಿಲ್ಲ. ಕೇಳದವರಿಗೆ ಕೊಡುವ ರೂಢಿ ಇರಲಿಲ್ಲ, ಅಷ್ಟೇ.

ಈ ವರ್ಷ ಮತ್ತೆ ಕರೆದಿದ್ದಾರೆ, ಅದೇ ಮೂರನೆಯ ದಿನ. ನಾವು ಎರಡು ಷರತ್ತು ಹಾಕಿದೆವು: ಎಕೋ ಇರಬಾರದು, ಸನ್ಮಾನ ನಮ್ಮ ಕಾರ್ಯಕ್ರಮದ ನಂತರ ಆಗಬೇಕು. ಎಕೋ ತೆಗೆಯಲು ಸಮಿತಿ ಒಪ್ಪಿದೆ. ಸನ್ಮಾನದ ಬಗ್ಗೆ ಮಾತುಕತೆ ನಡೆಯುತ್ತಿದೆ. ಈ ಸಲದ ಪಟ್ಟಿಯಲ್ಲಿ ನಮ್ಮ ಚುಟುಕು ಕವಿಯ ಹೆಸರೂ ಇದೆಯೆಂದು ಕಾರ್ಯದರ್ಶಿಗಳು ಹೇಳಿದ್ದಾರೆ.